ಮೊದಲು ಫ್ರೇಮ್, ಆಮೇಲೆ ಲೆನ್ಸ್: ಹೆಚ್ಚು ಪವರ್ ಇರುವ ಮಕ್ಕಳ ಕನ್ನಡಕ ಮತ್ತು ಆಟ

(ಉತ್ತರ ಬೆಂಗಳೂರಿನ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ವಿಷಯ ಕನ್ನಡಕ ಅಂದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿದ್ದು ನಮಗೆ ಕಾಣಿಸ್ತು. ಸಾಲದ ಪುಸ್ತಕ ಬರೆಯೋದು, ಬ್ಯಾಂಕ್ ಜೋಡಣೆ ಇಂಥವು ಬಿಟ್ಟು ಕನ್ನಡಕದ ಬಗ್ಗೆ ಏನು ಭಾಷಣ ಅಂತ ಇರಬಹುದು. ಆದರೆ ನಮ್ಮ ಒಂದು ಸಂಘದ ಸಾಲದ ಪುಸ್ತಕದಲ್ಲೇ ಕನ್ನಡಕದ ಲೆಕ್ಕ ಎರಡು ಸಲ ಬಂದಿದೆ. ಒಂದೇ ಮಗುವಿಗೆ, ಮೂರು ತಿಂಗಳ ಅಂತರದಲ್ಲಿ. ಅದು ಯಾಕೆ ಹಾಗಾಯ್ತು ಅನ್ನೋದರಿಂದಲೇ ಶುರು ಮಾಡ್ತೀವಿ. ಅದರಲ್ಲಿ ನಮ್ಮ ತಪ್ಪೂ ಇತ್ತು.

ಆರ್.ಟಿ. ನಗರದ ಕಡೆಯ ಒಬ್ಬ ಸದಸ್ಯೆಯ ಮಗಳು ಎಂಟನೇ ತರಗತಿ. ಬಲಗಣ್ಣಿಗೆ ಮೈನಸ್ 8, ಎಡಗಣ್ಣಿಗೆ ಏಳೂವರೆ. ಮೈನಸ್ 8 ಅಂದ್ರೆ ಏನು ಅಂತ ಒಂದು ಕ್ಷಣ ಯೋಚಿಸಿ. ಕನ್ನಡಕ ತೆಗೆದರೆ ಆ ಮಗುವಿಗೆ ಮುಖದಿಂದ ಹನ್ನೆರಡು ಸೆಂಟಿಮೀಟರ್ ದೂರದವರೆಗೆ ಮಾತ್ರ ಸ್ಪಷ್ಟ. ಒಂದು ಗೇಣು ಕೂಡ ಇಲ್ಲ. ಅದರಾಚೆ ಎಲ್ಲ ಮಂಜು. ಆದರೂ ಹುಡುಗಿ ಶಾಲೆಯ ಥ್ರೋಬಾಲ್ ತಂಡದಲ್ಲಿ ಚೆನ್ನಾಗಿ ಆಡ್ತಿದ್ದಳು. ಹಳೆ ಕನ್ನಡಕ ಆಟದ ಮೈದಾನದಲ್ಲೇ ಮುರೀತು. ಹೊಸದು ಮಾಡಿಸಬೇಕು ಅಂತ ತಾಯಿ ಸಂಘದಲ್ಲಿ 6,000 ರೂಪಾಯಿ ಆಂತರಿಕ ಸಾಲ ಕೇಳಿದರು. ನಾವು ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟುಬಿಟ್ವಿ. ಕಣ್ಣಿನ ವಿಷಯ, ಪಾಪ ಅಂತ.

ಅಂಗಡಿಯಲ್ಲಿ ಏನಾಯ್ತು ಅಂದ್ರೆ, ಮೊದಲು ಫ್ರೇಮ್ ತೋರಿಸಿದರು. ಹುಡುಗಿಗೆ ಈಗಿನ ಫ್ಯಾಷನ್ನಿನ ದೊಡ್ಡ ಚೌಕದ ಫ್ರೇಮ್ ಇಷ್ಟ ಆಯ್ತು. ಅವಳನ್ನು ಶಾಲೆಯಲ್ಲಿ ಸೋಡಾಬುಡ್ಡಿ ಅಂತ ಕರೀತಿದ್ರು, ದೊಡ್ಡ ಫ್ರೇಮ್ ಹಾಕಿದ್ರೆ ಚೆಂದ ಕಾಣ್ತೀನಿ ಅನ್ನೋ ಆಸೆ. ಅದು ತಪ್ಪಲ್ಲ. ಆದರೆ ಅಂಗಡಿಯವರು, ಇಷ್ಟು ಪವರ್‌ಗೆ ಈ ಫ್ರೇಮ್‌ನಲ್ಲಿ ಲೆನ್ಸ್ ದಪ್ಪ ಬರುತ್ತೆ, ಅದಕ್ಕೆ ದುಬಾರಿ ಥಿನ್ ಲೆನ್ಸೇ ಹಾಕಿಸಬೇಕು ಅಂದರು. ಫ್ರೇಮಿಗೆ 1,400, ಲೆನ್ಸಿಗೆ 5,200. ಸಾಲದ ಮೇಲೆ 600 ಕೈಯಿಂದ ಹಾಕಿದರು. ಒಂದು ವಾರ ಆದ ಮೇಲೆ ಬಂದ ಕನ್ನಡಕದ ಅಂಚು ಹೆಚ್ಚುಕಡಿಮೆ ಕಿರುಬೆರಳಿನ ಉಗುರಿನಷ್ಟು ದಪ್ಪ! ಭಾರಕ್ಕೆ ಮೂಗಿನ ಮೇಲೆ ನಿಲ್ಲೋದೇ ಇಲ್ಲ. ಓಡಿದರೆ ಜಾರುತ್ತೆ, ಬಗ್ಗಿದರೆ ಬೀಳುತ್ತೆ. ಹುಡುಗಿ ಏನು ಮಾಡಿದಳು? ಆಡುವಾಗ ತೆಗೆದು ಚೀಲದಲ್ಲಿ ಇಟ್ಟಳು. ಕಣ್ಣು ಕಾಣದೆ ಆಡಿದ್ದಕ್ಕೆ ಚೆಂಡು ನೇರ ಮುಖಕ್ಕೆ ಬಡೀತು. ಎರಡು ವಾರ ಕಣ್ಣು ಊದಿಕೊಂಡಿತ್ತು. ಒಳಗೆ ಪೆಟ್ಟಾಗಿಲ್ಲ ಅಂತ ಡಾಕ್ಟರು ಹೇಳೋವರೆಗೆ ಆ ತಾಯಿ ಊಟ ಮಾಡಿರಲಿಲ್ಲ. ಆಮೇಲೆ ಮನೆಯಲ್ಲಿ ತೀರ್ಮಾನ ಆಯ್ತು: ಆಟ ಬಂದ್.

ನಾವು ಡಾಕ್ಟರಲ್ಲ, ಅಂಗಡಿಯವರೂ ಅಲ್ಲ. ಆ ಘಟನೆ ಆದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ, ಕನ್ನಡಕ ಮಾಡೋರ ಹತ್ತಿರ ಕೂತು ಕೇಳಿ ತಿಳಿದುಕೊಂಡು, ನಮ್ಮ ಸಂಘದಲ್ಲಿರುವ ಕನ್ನಡಕಗಳನ್ನೆಲ್ಲ ಸ್ಕೇಲ್ ಇಟ್ಟು ಅಳೆದು ನೋಡಿ ಕಲಿತದ್ದನ್ನು ನಿಮ್ಮ ಮುಂದೆ ಇಡ್ತಿದ್ದೀವಿ.

ಮೈನಸ್ ಪವರ್ ಲೆನ್ಸ್ ಹೇಗಿರುತ್ತೆ? ಮಣ್ಣಿನ ಹಣತೆ ನೆನಪು ಮಾಡ್ಕೊಳ್ಳಿ. ನಡುವೆ ತಗ್ಗು, ಅಂಚು ಎತ್ತರ. ಲೆನ್ಸೂ ಹಾಗೆ, ನಡುವೆ ತೆಳು, ಅಂಚಿಗೆ ಹೋದ ಹಾಗೆ ದಪ್ಪ. ಕಾರ್ಖಾನೆಯಿಂದ ಬರುವಾಗ ಅದು ದೊಡ್ಡ ದುಂಡು ಬಿಲ್ಲೆ. ಅದನ್ನ ಫ್ರೇಮಿನ ಅಳತೆಗೆ ಕತ್ತರಿಸ್ತಾರೆ. ಫ್ರೇಮ್ ಚಿಕ್ಕದಾದ್ರೆ ದಪ್ಪ ಅಂಚೆಲ್ಲ ಕತ್ತರಿಸಿ ಹೋಗುತ್ತೆ, ನಡುವಿನ ತೆಳು ಭಾಗ ಮಾತ್ರ ಉಳಿಯುತ್ತೆ. ಫ್ರೇಮ್ ದೊಡ್ಡದಾದ್ರೆ ದಪ್ಪ ಅಂಚೂ ಫ್ರೇಮಿನ ಒಳಗೇ ಬರುತ್ತೆ. ಇಷ್ಟೇ ವಿಷಯ. ಇನ್ನೊಂದು ಮಾತು, ಅಗಲ ಎರಡರಷ್ಟಾದ್ರೆ ಅಂಚು ಎರಡರಷ್ಟು ದಪ್ಪ ಆಗೋದಲ್ಲ, ನಾಲ್ಕರಷ್ಟಾಗುತ್ತೆ. ಅದಕ್ಕೇ ಫ್ರೇಮಿನಲ್ಲಿ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಕೂಡ ಕಣ್ಣಿಗೆ ಕಾಣುತ್ತೆ.

ಆ ಹುಡುಗಿಯ ಲೆಕ್ಕವನ್ನೇ ಮಾಡಿ ತೋರಿಸ್ತೀವಿ. ಅವಳ ಎರಡು ಕಣ್ಣಿನ ಪಾಪೆಗಳ ನಡುವಿನ ದೂರ 58 ಮಿಲಿಮೀಟರ್. ಇದನ್ನ ಪಿ.ಡಿ. ಅಂತಾರೆ. ಅವಳು ಆರಿಸಿದ ಫ್ರೇಮಿನ ಕಡ್ಡಿಯ ಒಳಗೆ 54, ಒಂದು ಚಿಕ್ಕ ಚೌಕ, 18, ಆಮೇಲೆ 140 ಅಂತ ಬರೆದಿತ್ತು. 54 ಅಂದ್ರೆ ಒಂದು ಲೆನ್ಸಿನ ಅಗಲ, 18 ಅಂದ್ರೆ ಮೂಗಿನ ಮೇಲಿನ ಸೇತುವೆ, 140 ಅಂದ್ರೆ ಕಡ್ಡಿಯ ಉದ್ದ. ಮೊದಲ ಎರಡನ್ನ ಕೂಡಿ: 72. ಮಗುವಿನ ಪಿ.ಡಿ. 58, ಫ್ರೇಮಿನದು 72. ಅಂದ್ರೆ ಹುಡುಗಿಯ ಕಣ್ಣು ಫ್ರೇಮಿನ ನಡುವೆ ಕೂರೋದಿಲ್ಲ, ಎರಡೂ ಕಡೆ 7 ಮಿಲಿಮೀಟರ್ ಮೂಗಿನ ಕಡೆಗೆ ಸರಿದುಬಿಡುತ್ತೆ. ಲೆನ್ಸಿನ ನಡು ಕಣ್ಣಿನ ಮುಂದೇ ಬರಬೇಕಲ್ವಾ, ಹಾಗಾಗಿ ಕಿವಿ ಕಡೆಯ ಅಂಚು ಇನ್ನೂ ದೂರ, ಇನ್ನೂ ದಪ್ಪ.

ಮೈನಸ್ 8ಕ್ಕೆ ಈ ಫ್ರೇಮಿನಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಲೆನ್ಸ್ ಹಾಕಿದ್ರೆ ಕಿವಿ ಕಡೆಯ ಅಂಚು ಸುಮಾರು 11 ಮಿಲಿಮೀಟರ್ ಬರುತ್ತೆ. 5,200 ಕೊಟ್ಟು 1.67 ಅನ್ನೋ ಥಿನ್ ಲೆನ್ಸ್ ಹಾಕಿಸಿದ್ದಕ್ಕೆ ಎಂಟೂವರೆ ಆಯ್ತು. ಈಗ 44 ಅಗಲ, 16 ಸೇತುವೆ ಇರುವ ಚಿಕ್ಕ ಫ್ರೇಮ್ ತಗೊಳ್ಳಿ. ಕೂಡಿದರೆ 60. ಮಗುವಿನ ಪಿ.ಡಿ.ಗೆ ಹತ್ತಿರ ಹತ್ತಿರ ಸರಿ. ಇದರಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನ್ಯ ಲೆನ್ಸ್ ಹಾಕಿದ್ರೂ ಅಂಚು ಸುಮಾರು 6 ಮಿಲಿಮೀಟರ್ ಮಾತ್ರ. ದುಬಾರಿ 1.67 ಹಾಕಿದ್ರೆ 5ರ ಒಳಗೆ.

ಇನ್ನೊಂದು ಸಲ ಕೇಳಿಸಿಕೊಳ್ಳಿ. ದೊಡ್ಡ ಫ್ರೇಮಿನಲ್ಲಿ ದುಬಾರಿ ಲೆನ್ಸ್, ಎಂಟೂವರೆ. ಚಿಕ್ಕ ಫ್ರೇಮಿನಲ್ಲಿ ಅಗ್ಗದ ಲೆನ್ಸ್, ಆರು. ಅಂದ್ರೆ ನಾವು 6,600 ಖರ್ಚು ಮಾಡಿ ಕೊಂಡದ್ದು ದಪ್ಪ ಕನ್ನಡಕವನ್ನೇ. ಲೆನ್ಸಿಗೆ ಹಣ ಸುರಿಯೋ ಮುಂಚೆ ಫ್ರೇಮ್ ಸರಿಯಾಗಿ ಆರಿಸಿದ್ದರೆ ಅರ್ಧ ಹಣವೂ ಬೇಕಿರಲಿಲ್ಲ.

ಹಾಗಾದ್ರೆ ಅಂಗಡಿಗೆ ಹೋದಾಗ ಮೊದಲ ಕೆಲಸ, ಮಗುವಿನ ಪಿ.ಡಿ. ಎಷ್ಟು ಅಂತ ಕೇಳೋದು. ಬಹಳ ಚೀಟಿಗಳಲ್ಲಿ ಅದನ್ನ ಬರೆಯೋದೇ ಇಲ್ಲ. ಬರೆಸಿಕೊಳ್ಳಿ, ಹೆಚ್ಚು ಪವರ್ ಇದ್ದರೆ ಎರಡೂ ಕಣ್ಣಿಗೆ ಬೇರೆ ಬೇರೆ ಅಳೆಯಲು ಹೇಳಿ. ಆಮೇಲೆ ಫ್ರೇಮಿನ ಕಡ್ಡಿ ತಿರುಗಿಸಿ ಮೊದಲ ಎರಡು ಸಂಖ್ಯೆ ಕೂಡಿ. ಪಿ.ಡಿ.ಗೆ ಎಷ್ಟು ಹತ್ತಿರ ಇದೆಯೋ ಅಷ್ಟು ಒಳ್ಳೇದು. ಪವರ್ ಒಂದು ಎರಡು ಇರೋರಿಗೆ ಇದೆಲ್ಲ ಲೆಕ್ಕವೇ ಬೇಡ, ಇಷ್ಟ ಬಂದ ಫ್ರೇಮ್ ಹಾಕ್ಕೊಳ್ಳಲಿ. ನಾಲ್ಕು ದಾಟಿದ ಮೇಲೆ ನೋಡಲೇಬೇಕು.

ಆಕಾರದ ವಿಷಯ. ದುಂಡನೆಯ ಚಿಕ್ಕ ಫ್ರೇಮ್ ಅಂಚು ತೆಳು ಮಾಡೋದಕ್ಕೆ ಒಳ್ಳೇದು. ಆದರೆ ಚೀಟಿಯಲ್ಲಿ ಸಿಲಿಂಡರ್ ಪವರ್ ಇದ್ದರೆ ಪೂರ್ತಿ ದುಂಡು ಬೇಡ. ಸಿಲಿಂಡರ್ ಪವರ್ ಒಂದೇ ದಿಕ್ಕಿನಲ್ಲಿ ಕೂರಬೇಕು. ದುಂಡು ಫ್ರೇಮಿನಲ್ಲಿ ತಿರುಪು ಸಡಿಲ ಆದ್ರೆ ಲೆನ್ಸ್ ತಿರುಗಿಬಿಡುತ್ತೆ, ಮಗುವಿಗೆ ತಲೆನೋವು, ನಮಗೆ ಕಾರಣ ಗೊತ್ತಾಗಲ್ಲ. ಸ್ವಲ್ಪ ಮೊಟ್ಟೆಯಾಕಾರ ಅಥವಾ ಮೂಲೆ ಉಜ್ಜಿದ ಚೌಕ ಇದ್ದರೆ ಆ ತೊಂದರೆ ಇಲ್ಲ. ಫ್ರೇಮ್ ಪ್ಲಾಸ್ಟಿಕ್ಕಿನದಾಗಿ, ಅಂಚಿನ ಪಟ್ಟಿ ತುಸು ದಪ್ಪ ಇದ್ದರೆ ಲೆನ್ಸಿನ ಅಂಚು ಅದರೊಳಗೆ ಅಡಗುತ್ತೆ. ಸೋಡಾಬುಡ್ಡಿ ಅನ್ನೋ ಮಾತಿಗೆ ಅದೂ ಒಂದು ಉತ್ತರ. ಅಂಚೇ ಇಲ್ಲದ ಫ್ರೇಮ್, ಕೆಳಗೆ ನೈಲಾನ್ ದಾರ ಮಾತ್ರ ಇರೋ ಅರ್ಧ ಫ್ರೇಮ್, ಇವೆರಡೂ ಹೆಚ್ಚು ಪವರಿನ ಮಕ್ಕಳಿಗೆ ಬೇಡವೇ ಬೇಡ.

ಕನ್ನಡಕ ಮೂಗಿನ ಮೇಲೆ ನಿಲ್ಲೋದೂ ಬರೀ ಅಂದದ ಮಾತಲ್ಲ. ಮೈನಸ್ 8 ಕನ್ನಡಕ 4 ಮಿಲಿಮೀಟರ್ ಕೆಳಗೆ ಜಾರಿ ಕಣ್ಣಿನಿಂದ ದೂರ ಆದ್ರೆ, ಕಾಲು ಪವರ್ ಕಡಿಮೆ ಹಾಕಿಕೊಂಡ ಹಾಗೆ. ಬೋರ್ಡು ಕಾಣಲ್ಲ ಅಂತ ಮಗು ಪದೇ ಪದೇ ಕನ್ನಡಕ ಒತ್ತಿ ಮೇಲೆ ಮಾಡ್ತಿದ್ರೆ ಪವರ್ ಏರಿದೆ ಅಂತ ಹೆದರೋ ಮುಂಚೆ ಫ್ರೇಮ್ ಬಿಗಿ ಮಾಡಿಸಿ ನೋಡಿ. ಬಹಳ ಅಂಗಡಿಗಳು ದುಡ್ಡಿಲ್ಲದೆ ಮಾಡಿಕೊಡ್ತಾರೆ. ಪ್ಲಸ್ ಪವರಿಗೆ ಇದೇ ಉಲ್ಟಾ. ನಮ್ಮ ಅಜ್ಜಿಯರು ಅಕ್ಕಿ ಆರಿಸುವಾಗ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಳ್ಳೋದು ಸುಮ್ಮನೆ ಅಲ್ಲ, ಅಲ್ಲಿ ಪವರ್ ತುಸು ಜಾಸ್ತಿ ಆಗುತ್ತೆ.

ಪ್ಲಸ್ ಪವರ್ ಹೆಚ್ಚಿರುವ ಮಕ್ಕಳೂ ಇದ್ದಾರೆ. ಹುಟ್ಟಿನಿಂದಲೇ ಪೊರೆ ಬಂದು ಆಪರೇಷನ್ ಆದವರು, ಮೆಳ್ಳೆಗಣ್ಣಿಗೆ ಕನ್ನಡಕ ಹಾಕಿದವರು. ಅವರ ಲೆನ್ಸ್ ನಡುವೆ ದಪ್ಪ, ಅಂಚು ತೆಳು. ಅವರಿಗೂ ಚಿಕ್ಕ ಫ್ರೇಮೇ ಸರಿ.

ಈಗ ಲೆನ್ಸ್ ಯಾವುದು ಅನ್ನೋದು. ಅಂಗಡಿಯಲ್ಲಿ ಕೇಳೋ ಪದಗಳನ್ನ ಸ್ವಲ್ಪ ಬಿಡಿಸಿ ಹೇಳ್ತೀವಿ. ಗಾಜಿನ ಲೆನ್ಸ್ ಈಗ ಅಪರೂಪ. ಯಾರಾದರೂ ಅಗ್ಗ ಅಂತ ಕೊಟ್ಟರೆ ಮಕ್ಕಳಿಗೆ ತಗೋಬೇಡಿ, ಒಡೆದ ಚೂರು ಕಣ್ಣಿಗೇ ಹೋಗುತ್ತೆ. ಫೈಬರ್ ಅಂತ ಕರೆಯೋದು ಸಾಮಾನ್ಯ ಪ್ಲಾಸ್ಟಿಕ್, ಅದರ ಕಾರ್ಖಾನೆ ಹೆಸರು ಸಿ.ಆರ್. 39. ಸ್ಪಷ್ಟ, ಹಗುರ, ಅಗ್ಗ. ಫೈಬರ್ ಅಂದ್ರೆ ಒಡೆಯಲ್ಲ ಅಂತ ನಾವೆಲ್ಲ ತಿಳಿದಿದ್ವಿ. ಹಾಗಲ್ಲ. ಗಾಜಿಗಿಂತ ವಾಸಿ ಅಷ್ಟೇ, ಜೋರಾಗಿ ಪೆಟ್ಟು ಬಿದ್ದರೆ ಅದೂ ಒಡೆಯುತ್ತೆ. ಆಮೇಲೆ 1.56, 1.60, 1.67, 1.74 ಅಂತ ಸಂಖ್ಯೆಗಳು. ಅದು ಬೆಳಕನ್ನ ಎಷ್ಟು ಬಾಗಿಸುತ್ತೆ ಅನ್ನೋ ಅಳತೆ. ಸಂಖ್ಯೆ ಏರಿದಷ್ಟೂ ಲೆನ್ಸ್ ತೆಳು, ಬೆಲೆ ಜಾಸ್ತಿ. ಅದು ಗಟ್ಟಿತನದ ಅಳತೆ ಅಲ್ಲ, ಇದನ್ನ ಮರೀಬೇಡಿ.

ಗಟ್ಟಿತನಕ್ಕೆ ಬೇರೆ ವಸ್ತು: ಪಾಲಿಕಾರ್ಬೊನೇಟ್. ಸಿ.ಡಿ. ಡಿಸ್ಕ್, ಹೆಲ್ಮೆಟ್ಟಿನ ಮುಂದಿನ ಪಾರದರ್ಶಕ ಮುಸುಕು ಮಾಡೋದು ಇದರಿಂದಲೇ. ಇದರ ಸಂಖ್ಯೆ 1.59, ಅಂದ್ರೆ ಫೈಬರಿಗಿಂತ ತೆಳುವೂ ಹೌದು, ಹಗುರವೂ ಹೌದು. ಪೆಟ್ಟು ಬಿದ್ದರೆ ಚೂರಾಗೋದಿಲ್ಲ. ಟ್ರೈವೆಕ್ಸ್ ಅಂತ ಇನ್ನೊಂದಿದೆ, ಅದೂ ಅಷ್ಟೇ ಗಟ್ಟಿ, ಎಲ್ಲ ಅಂಗಡಿಯಲ್ಲಿ ಸಿಗಲ್ಲ. ಆಡುವ ಮಕ್ಕಳಿಗೆ ಇವೆರಡರಲ್ಲಿ ಒಂದು, ಬೇರೆ ಬೇಡ. ಹಾಗಂತ ಪಾಲಿಕಾರ್ಬೊನೇಟಿಗೆ ದೋಷ ಇಲ್ಲ ಅಂತಲ್ಲ. ಬೇಗ ಗೀರು ಬೀಳುತ್ತೆ, ಅದಕ್ಕೆ ಗೀರು ತಡೆಯೋ ಲೇಪ ಇರಲೇಬೇಕು. ಹೆಚ್ಚು ಪವರಿನಲ್ಲಿ ಓರೆಗಣ್ಣಿಂದ ನೋಡಿದರೆ ಟ್ಯೂಬ್‌ಲೈಟಿನ ಅಂಚಿಗೆ ಸ್ವಲ್ಪ ಬಣ್ಣದ ಗೆರೆ ಕಾಣಬಹುದು. 1.67ರಲ್ಲೂ ಅದು ಕಾಣುತ್ತೆ. ಮಕ್ಕಳು ಕೆಲವು ದಿನದಲ್ಲಿ ಒಗ್ಗಿಕೊಳ್ತಾರೆ. ಉಗುರುಬಣ್ಣ ತೆಗೆಯೋ ದ್ರವ, ಪೇಂಟಿನ ಥಿನ್ನರ್ ತಾಗಿದರೆ ಲೆನ್ಸ್ ಹಾಳು. ಒಣ ಸೆರಗಿನಿಂದ ಉಜ್ಜೋ ಅಭ್ಯಾಸ ನಮಗೆಲ್ಲ ಇದೆ. ಬಿಡೋಣ. ನಲ್ಲಿ ನೀರಲ್ಲಿ ಧೂಳು ಕಳೆದು, ಒಂದು ತೊಟ್ಟು ಸೋಪು ಹಚ್ಚಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ.

ಬಿಲ್ಲಿನಲ್ಲಿ ಲೆನ್ಸಿನ ವಸ್ತುವಿನ ಹೆಸರು ಬರೆಸಿಕೊಳ್ಳಿ. ಅನ್‌ಬ್ರೇಕಬಲ್ ಅಂತ ಬಾಯಲ್ಲಿ ಹೇಳಿದ್ದು ಬಿಲ್ಲಲ್ಲ. ಕಂಪ್ಯೂಟರಿನ ನೀಲಿ ಬೆಳಕು ತಡೆಯೋ ಬ್ಲೂ ಕಟ್ ಹಾಕಿಸಿ ಅಂತ ಒತ್ತಾಯ ಮಾಡ್ತಾರೆ. 2023ರಲ್ಲಿ ಕಾಕ್ರೇನ್ ಅನ್ನೋ ಅಂತರರಾಷ್ಟ್ರೀಯ ವೈದ್ಯಕೀಯ ಪರಿಶೀಲನಾ ಸಂಸ್ಥೆ ಇದರ ಮೇಲಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿತು. ಕಣ್ಣಿನ ಆಯಾಸ ಕಡಿಮೆ ಮಾಡೋದರಲ್ಲಿ ಸಾಮಾನ್ಯ ಲೆನ್ಸಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಆ ಹಣವನ್ನ ಗಟ್ಟಿ ಲೆನ್ಸಿಗೆ ಹಾಕಿ.

ಇನ್ನು ಆಟ. ಯಲಹಂಕ ಉಪನಗರದ ಬೀದಿಗಳಲ್ಲಿ ಸಂಜೆ ಹೊತ್ತು ಮಕ್ಕಳು ಶಟಲ್ ಆಡೋದು ನೋಡಿದ್ದೀರಿ. ಶಟಲ್ ಕಾಕಿನ ಬೆಂಡು ಇರೋದು ಎರಡೂವರೆ ಸೆಂಟಿಮೀಟರ್ ಚಿಲ್ಲರೆ. ಕಣ್ಣಿನ ಗುಳಿಯ ಸುತ್ತ ಇರೋ ಮೂಳೆ ದೊಡ್ಡ ಚೆಂಡನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತೆ, ಆದರೆ ಶಟಲ್ ಬೆಂಡು ನೇರ ಒಳಗೇ ಕೂರುತ್ತೆ. ಮೆತ್ತಗಿದೆ, ಗರಿ ಇದೆ ಅಂತ ಹಗುರಾಗಿ ತಗೋಬೇಡಿ. ಜೋಡಿ ಆಟದಲ್ಲಿ ಮುಂದೆ ನಿಂತ ಮಗು ಹಿಂದೆ ತಿರುಗಿ ನೋಡಿದಾಗ ಬಹಳ ಪೆಟ್ಟಾಗುತ್ತೆ, ಅದನ್ನ ಮಕ್ಕಳಿಗೆ ಹೇಳಿಕೊಡಿ.

ಪೆಟ್ಟು ಬೀಳೋಕೆ ದೊಡ್ಡ ವಸ್ತುವೇ ಬೇಕಿಲ್ಲ. ದಕ್ಷಿಣ ಆಫ್ರಿಕಾದ ವಿಕೆಟ್ ಕೀಪರ್ ಮಾರ್ಕ್ ಬೌಷರ್ 2012ರ ಜುಲೈನಲ್ಲಿ ಇಂಗ್ಲೆಂಡಿನ ಟಾಂಟನ್‌ನಲ್ಲಿ ಅಭ್ಯಾಸ ಪಂದ್ಯ ಆಡ್ತಿದ್ದರು. ಹೆಲ್ಮೆಟ್ ಇರಲಿಲ್ಲ, ಕಣ್ಣಿಗೆ ರಕ್ಷಣೆ ಇರಲಿಲ್ಲ. ಸ್ಟಂಪಿನ ಮೇಲಿನ ಒಂದು ಚಿಕ್ಕ ಬೇಲ್ ಹಾರಿ ಎಡಗಣ್ಣಿಗೆ ಬಡೀತು. ಅಲ್ಲಿಗೆ ಅವರ ಆಟ ಮುಗೀತು. ಬೇಲ್ ಅಂದ್ರೆ ನಮ್ಮ ಬೆರಳುದ್ದದ ಮರದ ಕಡ್ಡಿ ಅಷ್ಟೇ.

ಇದನ್ನ ಕೇಳಿ, ಹಾಗಾದ್ರೆ ಆಡಿಸೋದೇ ಬೇಡ ಅಂತ ಎದ್ದು ಹೋಗಬೇಡಿ. ಕನ್ನಡಕದವರು ಆಡಬಾರದು ಅನ್ನೋದು ನಮ್ಮ ಊರಿನಲ್ಲಂತೂ ಹೇಳೋ ಹಾಗಿಲ್ಲ. ಎಂ.ಜಿ. ರಸ್ತೆಯಲ್ಲಿ ಯಾರ ಹೆಸರಿನ ವೃತ್ತ ಇದೆ? ಅನಿಲ್ ಕುಂಬ್ಳೆ. 1990ರಲ್ಲಿ ಭಾರತ ತಂಡಕ್ಕೆ ಬಂದಾಗ ಈ ಬೆಂಗಳೂರು ಹುಡುಗನ ಮುಖದ ಮೇಲೆ ದೊಡ್ಡ ಕನ್ನಡಕ ಇತ್ತು. ನಮ್ಮಲ್ಲಿ ವಯಸ್ಸಾದವರಿಗೆ ಆ ಮುಖ ಇನ್ನೂ ನೆನಪಿದೆ. ಆಮೇಲೆ ಕಾಂಟ್ಯಾಕ್ಟ್ ಲೆನ್ಸಿಗೆ ಬದಲಾದರು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ಒಂದೇ ಇನಿಂಗ್ಸಿನಲ್ಲಿ ಹತ್ತಕ್ಕೆ ಹತ್ತು ವಿಕೆಟ್ ತೆಗೆದರು, ಟೆಸ್ಟ್ ಆಟದಲ್ಲಿ ಒಟ್ಟು 619. ನ್ಯೂಜಿಲೆಂಡಿನ ಡೇನಿಯಲ್ ವೆಟ್ಟೋರಿ ಕನ್ನಡಕ ಹಾಕಿಕೊಂಡೇ ತಂಡದ ನಾಯಕ ಆಗಿದ್ದರು. ಕನ್ನಡಕ ಅಡ್ಡಿ ಅಲ್ಲ, ತಪ್ಪು ಕನ್ನಡಕ ಅಡ್ಡಿ.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಬಿಸಿಲಲ್ಲಿ ಆಡಿದ್ರೆ ಪವರ್ ಏರುತ್ತೆ ಅಂತ. ಅಧ್ಯಯನಗಳು ಹೇಳೋದು ಇದರ ವಿರುದ್ಧ. ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಇರೋ ಮಕ್ಕಳಿಗೆ ಮೈನಸ್ ಪವರ್ ಶುರುವಾಗೋದೇ ಕಡಿಮೆ. ಕಡಿಮೆ ಪವರಿನ ಕನ್ನಡಕ ಹಾಕಿದ್ರೆ ಏರೋದು ನಿಲ್ಲುತ್ತೆ ಅನ್ನೋದೂ ಸುಳ್ಳು. ಏರೋದನ್ನ ನಿಧಾನ ಮಾಡೋಕೆ ಈಗ ಕಣ್ಣಿನ ಹನಿ, ವಿಶೇಷ ಲೆನ್ಸ್ ಇವೆ, ಅದನ್ನ ಡಾಕ್ಟರೇ ಹೇಳಬೇಕು.

ಆಟದ ಕನ್ನಡಕ ಹೇಗಿರಬೇಕು? ಪೂರ್ತಿ ಅಂಚಿನ ಪ್ಲಾಸ್ಟಿಕ್ ಅಥವಾ ನೈಲಾನ್ ಫ್ರೇಮ್. ಲೋಹದ್ದು ಬೇಡ, ಮೂಗಿನ ಮೇಲಿನ ತಂತಿ ಮುಖಕ್ಕೆ ಚುಚ್ಚುತ್ತೆ. ಮೂಗಿನ ಹತ್ತಿರ, ಬದಿಯಲ್ಲಿ ಮೆತ್ತನೆ ಸಿಲಿಕಾನ್ ದಿಂಬು. ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ. ಬೆವರಿಗೆ ಮಂಜು ಕಟ್ಟದ ಹಾಗೆ ಗಾಳಿ ಕಿಂಡಿ. ಒಳ್ಳೆಯ ಸ್ಪೋರ್ಟ್ಸ್ ಗಾಗಲ್‌ನಲ್ಲಿ ಲೆನ್ಸ್ ಕೂರೋ ಗಾಡಿಗೆ ಹಿಂದಿನಿಂದ ಒಂದು ತಡೆ ಇರುತ್ತೆ, ಪೆಟ್ಟು ಬಿದ್ದರೆ ಲೆನ್ಸ್ ಕಣ್ಣಿನ ಕಡೆಗೆ ಬೀಳಬಾರದು ಅಂತ. ಎ.ಎಸ್.ಟಿ.ಎಂ. ಎಫ್ 803 ಅಂತ ಬರೆದಿದ್ದರೆ ಅದು ಆಟಕ್ಕಾಗಿಯೇ ಪರೀಕ್ಷೆ ಮಾಡಿದ್ದು ಅಂತ ಅರ್ಥ. ಸೈಕಲ್ ಓಡಿಸೋರು ಹಾಕ್ತಾರಲ್ಲ, ಕಿವಿವರೆಗೆ ಬಾಗಿರೋ ಕನ್ನಡಕ, ಅದು ಹೆಚ್ಚು ಪವರಿಗೆ ಆಗಲ್ಲ. ಬಾಗಿದ ಕಡೆ ನೆಲ ಓರೆಯಾಗಿ ಕಾಣುತ್ತೆ, ಅಂಚೂ ದಪ್ಪ. ಮುಂಭಾಗ ಚಪ್ಪಟೆ ಇರೋದೇ ಆರಿಸಿ.

ಎರಡು ಕನ್ನಡಕಕ್ಕೆ ಎಲ್ಲಿಂದ ತರೋದು ಅಂತ ನೀವು ಕೇಳ್ತೀರಿ, ನ್ಯಾಯ. ಒಂದೇ ಆಗೋದಾದ್ರೆ ಚಿಕ್ಕ ಪ್ಲಾಸ್ಟಿಕ್ ಫ್ರೇಮಿಗೆ ಪಾಲಿಕಾರ್ಬೊನೇಟ್ ಹಾಕಿಸಿ, ಹಿಂದೆ ಪಟ್ಟಿ ಕಟ್ಟಿ. ಇದು ಪೂರ್ತಿ ರಕ್ಷಣೆ ಅಂತ ನಾವು ಹೇಳಲ್ಲ. ಪಟ್ಟಿ ಕಟ್ಟಿದ ಮಾತ್ರಕ್ಕೆ ಮಾಮೂಲಿ ಕನ್ನಡಕ ಗಾಗಲ್ ಆಗಲ್ಲ. ಓಟ, ಥ್ರೋಬಾಲ್, ವಾಲಿಬಾಲಿಗೆ ನಡೆಯುತ್ತೆ. ಶಟಲ್, ಗಟ್ಟಿ ಚೆಂಡಿನ ಕ್ರಿಕೆಟ್, ಹಾಕಿ ಗಂಭೀರವಾಗಿ ಆಡೋ ಮಗುವಿಗೆ ಗಾಗಲ್ಲೇ ಬೇಕು. ಒಂದು ಕಣ್ಣು ಮಾತ್ರ ಚೆನ್ನಾಗಿದ್ದು ಇನ್ನೊಂದು ಮಂದ ಇರೋ ಮಗು ಇದ್ದರೆ ಅಲ್ಲಿ ಉಳಿತಾಯದ ಲೆಕ್ಕ ಹಾಕಲೇಬೇಡಿ. ಆ ಮಗುವಿಗೆ ಆಟದಲ್ಲೂ ಶಾಲೆಯಲ್ಲೂ ಪಾಲಿಕಾರ್ಬೊನೇಟೇ. ಈಜುವ ಮಕ್ಕಳಿಗೆ ಪವರ್ ಸಮೇತ ರೆಡಿಮೇಡ್ ಈಜು ಕನ್ನಡಕ ಸಿಗುತ್ತೆ. ಕಾಂಟ್ಯಾಕ್ಟ್ ಲೆನ್ಸ್ ದೊಡ್ಡ ಮಕ್ಕಳಿಗೆ ಒಳ್ಳೇದೇ, ಆದರೆ ಅದು ಪೆಟ್ಟು ತಡೆಯಲ್ಲ, ಮತ್ತೆ ಕೈ ತೊಳೆಯೋ ಶಿಸ್ತು ಇಲ್ಲದಿದ್ದರೆ, ನಲ್ಲಿ ನೀರಲ್ಲಿ ಲೆನ್ಸ್ ತೊಳೆದರೆ ಕಣ್ಣಿಗೆ ಹುಣ್ಣಾಗುತ್ತೆ.

ಮೈನಸ್ 6 ದಾಟಿದವರು, ಮಕ್ಕಳೇ ಇರಲಿ ನಾವೇ ಇರಲಿ, ವರ್ಷಕ್ಕೊಮ್ಮೆ ಹನಿ ಹಾಕಿ ಕಣ್ಣಿನ ಹಿಂಭಾಗದ ಪರದೆ ಪರೀಕ್ಷೆ ಮಾಡಿಸಬೇಕು. ಉದ್ದ ಆದ ಕಣ್ಣಿನಲ್ಲಿ ಆ ಪರದೆ ತೆಳುವಾಗಿರುತ್ತೆ. ಬಾಕ್ಸಿಂಗ್‌ನಂಥ ಆಟ ಆಡಬಹುದಾ ಅಂತ ಆಗಲೇ ಕೇಳಿ. ಮಿಂಚು ಹೊಡೆದ ಹಾಗೆ ಬೆಳಕು, ಇದ್ದಕ್ಕಿದ್ದ ಹಾಗೆ ಕಪ್ಪು ಚುಕ್ಕೆಗಳ ಮಳೆ, ಬದಿಯಿಂದ ಪರದೆ ಎಳೆದ ಹಾಗೆ ಕತ್ತಲೆ, ಇವುಗಳಲ್ಲಿ ಯಾವುದೇ ಕಂಡರೂ ಅವತ್ತೇ ಆಸ್ಪತ್ರೆಗೆ. ನಾಳೆ ನೋಡೋಣ ಅನ್ನಬೇಡಿ. ಚೆಂಡು ಬಡಿದ ಮೇಲೂ ಹಾಗೇ. ಕಣ್ಣು ಉಜ್ಜೋದು, ಮನೆಯಲ್ಲಿದ್ದ ಯಾವುದೋ ಹನಿ ಹಾಕೋದು ಬೇಡ.

ಮಕ್ಕಳ ಪವರನ್ನು ಅಂಗಡಿಯ ಕಂಪ್ಯೂಟರ್ ಚೀಟಿಯ ಮೇಲೆ ಮಾತ್ರ ನಂಬಬೇಡಿ. ಮೊದಲ ಸಲ ಡಾಕ್ಟರ ಹತ್ತಿರ ಹನಿ ಹಾಕಿಸಿಯೇ ಪರೀಕ್ಷೆ ಆಗಲಿ. ಹೆಬ್ಬಾಳದ ಕಡೆಯವರಿಗೆ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಕಣ್ಣಿನ ವಿಭಾಗ ಹತ್ತಿರ, ಯಶವಂತಪುರದವರಿಗೆ ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿ ನಾರಾಯಣ ನೇತ್ರಾಲಯ. ಸರ್ಕಾರದ್ದು ಬೇಕೆಂದರೆ ಮಿಂಟೋ ಕಣ್ಣಾಸ್ಪತ್ರೆ, 1896ರಿಂದ ಇದೆ. ದೂರ ಅಂತ ಹೆದರಬೇಡಿ, ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಬದಲಾಯಿಸದೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿಯಬಹುದು, ಅಲ್ಲಿಂದ ನಡೆಯೋ ದೂರ. ಶಾಲೆಯಲ್ಲಿ ಕಣ್ಣಿನ ತಪಾಸಣೆ ಆದಾಗ, ಸರ್ಕಾರದ ಆಶಾಕಿರಣದಂಥ ಯೋಜನೆಯಲ್ಲಿ ಉಚಿತ ಕನ್ನಡಕ ಸಿಕ್ಕರೆ ತಗೊಳ್ಳಿ, ಕಡ್ಡಿಯ ಸಂಖ್ಯೆ ಮಾತ್ರ ಅಲ್ಲೂ ನೋಡಿ. ಉಚಿತದ್ದು ತರಗತಿಗೆ ಇರಲಿ, ಸಾಲದ ಹಣ ಆಟದ ಕನ್ನಡಕಕ್ಕೆ ಆಗುತ್ತೆ.

ಬಿಲ್ಲಿನ ಬಗ್ಗೆ ಇನ್ನೊಂದು. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿ ಸರಿಪಡಿಸುವ ಕನ್ನಡಕದ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೇ ದರ ಹಾಕಿದ್ದಾರಾ ನೋಡಿಕೊಳ್ಳಿ. ಫ್ರೇಮಿಗೆ ಎಷ್ಟು, ಲೆನ್ಸಿಗೆ ಎಷ್ಟು ಅಂತ ಬೇರೆ ಬೇರೆ ಬರೆಸಿ. ನಮ್ಮ ಸಂಘದಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೀವಿ. ಕನ್ನಡಕಕ್ಕೆ ಸಾಲ ಕೇಳಿದರೆ ಇಲ್ಲ ಅನ್ನಲ್ಲ, ಆದರೆ ಡಾಕ್ಟರ ಚೀಟಿ, ಪಿ.ಡಿ., ಅಂಗಡಿಯ ಅಂದಾಜು ಪಟ್ಟಿ ಮೂರನ್ನೂ ಸಭೆಯಲ್ಲಿ ಇಡಬೇಕು. ಅಕ್ಕಪಕ್ಕ ಕೂತವರು ಸಂಖ್ಯೆ ಕೂಡಿ ನೋಡ್ತಾರೆ. ಒಬ್ಬರು ಮಗುವಿನ ಜೊತೆ ಅಂಗಡಿಗೂ ಹೋಗ್ತಾರೆ. ಮೊದಮೊದಲು ಇದೇನು ಪೊಲೀಸ್ ಕೆಲಸ ಅಂತ ಗೊಣಗಿದವರೂ ಇದ್ದರು.

ಆ ಹುಡುಗಿಯ ಕಥೆ ಅರ್ಧಕ್ಕೆ ಬಿಟ್ವಿ. ಆಟ ಬಂದ್ ಅಂದ ಮೇಲೆ ಎರಡು ತಿಂಗಳು ಅವಳು ಶಾಲೆಯಿಂದ ನೇರ ಮನೆಗೆ ಬಂದು ಸುಮ್ಮನೆ ಕೂರ್ತಿದ್ದಳು. ತಾಯಿಯೇ ಒಂದು ದಿನ ಸಭೆಯಲ್ಲಿ ಅತ್ತರು. ಆಗ ನಾವು ಇಬ್ಬರು ಜೊತೆಗೆ ಹೋದ್ವಿ. 44 ಅಗಲದ, ಮೂಲೆ ಉಜ್ಜಿದ ನೀಲಿ ಪ್ಲಾಸ್ಟಿಕ್ ಫ್ರೇಮ್, 700 ರೂಪಾಯಿ. ಗೀರು ತಡೆಯೋ ಲೇಪದ ಪಾಲಿಕಾರ್ಬೊನೇಟ್, 1,900. ಅಂಚು ಅಳೆದು ನೋಡಿದ್ವಿ, ಐದೂವರೆ ಮಿಲಿಮೀಟರ್. ಪಟ್ಟಿ ಒಂದನ್ನ ನಮ್ಮ ಟೈಲರಿಂಗ್ ಕಲಿತ ಸದಸ್ಯೆಯೊಬ್ಬರು ಎಲಾಸ್ಟಿಕ್‌ನಲ್ಲಿ ಹೊಲಿದುಕೊಟ್ಟರು. ಹುಡುಗಿ ಕನ್ನಡಿ ನೋಡಿ ಏನೂ ಹೇಳಲಿಲ್ಲ, ತಲೆ ಒಂದು ಸಲ ಜೋರಾಗಿ ಕೊಡವಿ ನೋಡಿದಳು. ಕನ್ನಡಕ ಅಲ್ಲೇ ಇತ್ತು. ಆಮೇಲೆ ನಕ್ಕಳು. ಈಗ ತಂಡದಲ್ಲಿ ಮತ್ತೆ ಇದ್ದಾಳೆ. ಮೊದಲ ಸಾಲದ ಕಂತು ಮಾತ್ರ ತಿಂಗಳಿಗೆ 500ರಂತೆ ಇನ್ನೂ ನಡೀತಿದೆ. ದೊಡ್ಡ ಫ್ರೇಮ್ ಮನೆಯ ಕಪಾಟಿನಲ್ಲಿದೆ.

ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿರುವ ಎಲ್ಲ ಕನ್ನಡಕ, ಕಣ್ಣಿನ ಚೀಟಿ, ಮತ್ತೆ ಮಕ್ಕಳ ಜಾಮಿಟ್ರಿ ಪೆಟ್ಟಿಗೆಯಿಂದ ಒಂದು ಸ್ಕೇಲ್ ತನ್ನಿ. ಎಲ್ಲರೂ ಕೂತು ಅಳೆಯೋಣ. ಪುಸ್ತಕ ಬರೆಯೋ ಸದಸ್ಯೆಯರು ಯಾರ ಮನೆಯಲ್ಲಿ ಮೈನಸ್ 6 ದಾಟಿದವರಿದ್ದಾರೆ ಅಂತ ಪಟ್ಟಿ ಮಾಡಿಕೊಂಡು ಬನ್ನಿ. ಅವರ ವಾರ್ಷಿಕ ಪರೀಕ್ಷೆಗೆ ಒಟ್ಟಿಗೆ ಹೋಗೋ ದಿನ ಅವತ್ತೇ ಗೊತ್ತು ಮಾಡೋಣ.